ನೌಕರಿ ಬಿಡೋ ಟೈಮ್ ಬಂತಂತ ಹೇಗೆ ಗೊತ್ತಾಗುತ್ತೆ? ಏಪ್ರಿಲ್‌ನಲ್ಲಿ ಕೇಳಬೇಡಿ

ಮದುವೆ ಊಟಕ್ಕೆ ಕೂತರೂ ಅದೇ ಪ್ರಶ್ನೆ, ಸೂಪರ್ ಮಾರ್ಕೆಟ್ ಹತ್ತಿರ ಚಹಾ ಕುಡಿಯಲು ನಿಂತರೂ ಅದೇ. "ಛಲೋ ನೌಕ್ರಿ ಇತ್ತು, ಬಿಡೋ ಟೈಮ್ ಬಂತಂತ ನಿಮಗ ಹ್ಯಾಂಗ ಗೊತ್ತಾಯ್ತುರಿ?"

ಕಲಬುರಗಿಯ ಒಂದು ದಾಲ್ ಮಿಲ್‌ನಲ್ಲಿ ನಾನು 9 ವರ್ಷ ಲೆಕ್ಕ ಬರೆದೆ. ಡಿಸೆಂಬರ್‌ನಲ್ಲಿ ಹೊಸ ತೊಗರಿ ಬರಲು ಶುರುವಾದರೆ ಏಪ್ರಿಲ್‌ವರೆಗೆ ಉಸಿರಾಡಲು ಬಿಡುವಿಲ್ಲ. ಗಂಜ್ ಮಾರುಕಟ್ಟೆಯಿಂದ ಫೋನು, ಗೇಟಿನಲ್ಲಿ ಲಾರಿ ಸಾಲು, ಮೇಜಿನ ಮೇಲೆಲ್ಲ ಹೊಟ್ಟಿನ ಧೂಳು, ಅದರ ಮೇಲೆ ಮಾರ್ಚ್ ಕೊನೆಯ ಲೆಕ್ಕ. ನಂತರ ಬಿಸಿಲು. ಏಪ್ರಿಲ್-ಮೇನಲ್ಲಿ ನಮ್ಮ ಕಡೆ ಸರ್ಕಾರಿ ಆಫೀಸು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಗಿಯುತ್ತೆ, ಖಾಸಗಿಯವರಿಗೆ ಸೂರ್ಯ ಬೇರೆ ಇದ್ದಾನೆ ಅಂತ ಕಾಣುತ್ತೆ. ಹೆಚ್ಚುಕಡಿಮೆ ಪ್ರತಿ ಮಾರ್ಚ್‌ನಲ್ಲೂ ನಾನು ರಾಜೀನಾಮೆ ಬರೆದಿದ್ದೇನೆ. ಒಂದನ್ನೂ ಕೊಡಲಿಲ್ಲ. ಮೊದಲ ಮಳೆ ಬಿದ್ದು ಕೆಲಸ ಕಡಿಮೆಯಾದರೆ ಸಿಟ್ಟೂ ಇಳಿಯುತ್ತಿತ್ತು, ಆಮೇಲೆ ಆ ಹಾಳೆ ಸಿಕ್ಕರೆ ನನಗೇ ನಗು ಬರುತ್ತಿತ್ತು.

ಅದಕ್ಕೇ ನಾನು ಹೇಳೋದು ಇಷ್ಟು: ನೌಕರಿಯನ್ನು ಅದರ ಕೆಟ್ಟ ತಿಂಗಳಲ್ಲಿ ಅಳೆಯಬೇಡಿ, ಒಳ್ಳೆ ತಿಂಗಳಲ್ಲಿ ಅಳೆಯಿರಿ.

ನನ್ನ ಒಳ್ಳೆ ತಿಂಗಳು ಆಗಸ್ಟ್. ಶ್ರಾವಣ, ತಂಪು ಗಾಳಿ, ದಿನಕ್ಕೆ ಒಂದೋ ಎರಡೋ ಲಾರಿ. ಸಾಹುಕಾರರು ತಾವೇ ಮಿರ್ಚಿ ಭಜಿ ತರಿಸುತ್ತಿದ್ದರು. ಮನುಷ್ಯ ಕೆಟ್ಟವರಲ್ಲ. 2019ರಲ್ಲಿ ನಮ್ಮ ತೊಗರಿ ಬೇಳೆಗೆ ಜಿಐ ಟ್ಯಾಗ್, ಅಂದರೆ ಇದು ಈ ಊರಿನದೇ ಅನ್ನೋ ಸರ್ಕಾರಿ ಗುರುತು, ಬಂದಾಗ ಎಲ್ಲರಿಗೂ ಪೇಡೆ ಹಂಚಿದ್ದರು (ಸಂಬಳ ಮಾತ್ರ ಇದ್ದಲ್ಲೇ ಇತ್ತು, ಅದು ಬೇರೆ ಮಾತು). ಅಂಥ ಒಂದು ಆಗಸ್ಟ್‌ನಲ್ಲಿ ನಾನು ಗೇಟಿನ ಹೊರಗೆ ಬೈಕ್ ಆಫ್ ಮಾಡದೆ ಹತ್ತು ನಿಮಿಷ ಕೂತಿದ್ದೆ. ಜಿಟಿಜಿಟಿ ಮಳೆ. ವಾಚ್‌ಮನ್ ಕಾಕಾ ಛತ್ರಿ ಹಿಡಿದು ಬಂದು "ಯಾಕ್ರಿ ಸಾಹೇಬ್ರ, ಒಳಗ ಬರಲ್ರೇನ್?" ಅಂದ. ಪೆಟ್ರೋಲ್ ನೋಡ್ತಿದ್ದೆ ಅಂತ ಸುಳ್ಳು ಹೇಳಿದೆ.

ಅವತ್ತು ಬಂದದ್ದು ಒಂದೇ ಲಾರಿ. ಲಾರಿ ತೂಗುವ ಕಾಟಾದ ಚೀಟಿಯಲ್ಲಿ ತುಂಬಿದ ತೂಕ 16,240 ಕೆಜಿ, ಖಾಲಿ ಲಾರಿ 6,180. ನಿವ್ವಳ 10,600 ಅಂತ ಯಾರೋ ಕೈಯಲ್ಲಿ ಬರೆದಿದ್ದರು. ಬರಬೇಕಾದದ್ದು 10,060. ತಪ್ಪು ನನಗೆ ತಕ್ಷಣ ಕಂಡಿತು, ಅದೇ ಅಲ್ವಾ ನನ್ನ ಕೆಲಸ. 540 ಕೆಜಿ, ಅಂದರೆ 5.4 ಕ್ವಿಂಟಲ್. ಕ್ವಿಂಟಲ್‌ಗೆ 7,000 ರೂಪಾಯಿ ಹಿಡಿದರೂ 37,800. ಮೊದಲಾಗಿದ್ದರೆ ಚೀಟಿ ಹಿಡಿದುಕೊಂಡು ಕಾಟಾದ ಕಡೆ ಓಡುತ್ತಿದ್ದೆ, ನಾಲ್ಕು ಮಾತು ಬೈಯುತ್ತಿದ್ದೆ. ಅವತ್ತು ಚೀಟಿಯನ್ನು ಪ್ಯಾಡಿನ ಕೆಳಗೆ ಸರಿಸಿ, ಊಟ ಆದ ಮೇಲೆ ನೋಡೋಣ ಅಂತ ಸುಮ್ನೆ ಕೂತೆ. ಸಿಟ್ಟೂ ಬರಲಿಲ್ಲ, ಹೆದರಿಕೆಯೂ ಆಗಲಿಲ್ಲ. ಮಧ್ಯಾಹ್ನ ಸರಿ ಮಾಡಿಸಿದೆ ಅನ್ನಿ, ಯಾರಿಗೂ ನಷ್ಟ ಆಗಲಿಲ್ಲ. ಆದರೆ ಸೀಸನ್‌ನಲ್ಲಿ ಇಂಥದ್ದು ಆಗಿದ್ದರೆ ನೂರು ಲಾರಿ, ನಿದ್ದೆಯಿಲ್ಲ ಅಂತ ನೆಪ ಹೇಳಬಹುದಿತ್ತು. ಒಂದೇ ಲಾರಿ ಇದ್ದ ದಿನ ಏನು ನೆಪ ಹೇಳಲಿ?

ಮನೆಯಲ್ಲಿ ಹೇಳಿದಾಗ ಅವ್ವ "ಹುಚ್ಚ ಹಿಡದದೇನು ನಿನಗ?" ಅಂದಳು. ಸಾಹುಕಾರರು "ಸುಗ್ಗಿ ಮುಗಿಸಿ ಹೋಗೋ ತಮ್ಮಾ" ಅಂದರು. ನಾನು ಬೇರೆಯವನಿಗೆ ಎರಡು ತಿಂಗಳು ಕೆಲಸ ಕಲಿಸಿ, ಹೊಸ ತೊಗರಿ ಬರುವ ಮೊದಲೇ, ನವೆಂಬರ್ ಕೊನೆಗೆ ಬಿಟ್ಟೆ. ಈಗ ಏಳೆಂಟು ಅಂಗಡಿಗಳ ಜಿಎಸ್‌ಟಿ ಲೆಕ್ಕ ನೋಡಿಕೊಳ್ಳುತ್ತೇನೆ. ದುಡ್ಡು ಮೊದಲಿಗಿಂತ ಕಡಿಮೆ, ಮುಚ್ಚಿಡುವುದೇನಿದೆ.

ಎಲ್ಲರೂ ಒಳ್ಳೆ ತಿಂಗಳಿಗೆ ಕಾಯಬೇಕಿಲ್ಲ. ಮೂರು ತಿಂಗಳಿಂದ ಸಂಬಳ ಬಂದಿಲ್ಲ, ಸುಳ್ಳು ಲೆಕ್ಕ ಬರೆ ಅಂತಾರೆ, ಧೂಳಿಗೆ ಎದೆ ಕಟ್ಟುತ್ತಿದೆ ಅಂದರೆ ಕ್ಯಾಲೆಂಡರ್ ನೋಡುತ್ತಾ ಕೂರಬೇಡಿ. ಹಾಗೆಯೇ ನಮ್ಮ ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ 371ಜೆ ಸರ್ಟಿಫಿಕೇಟ್ ಇದೆ, ಸರ್ಕಾರಿ ನೌಕರಿ ಹೇಗೂ ಸಿಗುತ್ತೆ ಅಂತ ಇದ್ದದ್ದನ್ನು ಬಿಡುವವರನ್ನೂ ನೋಡಿದ್ದೇನೆ. ಅದೇ ಸರ್ಟಿಫಿಕೇಟ್ ಇಟ್ಟುಕೊಂಡು ಪಕ್ಕದಲ್ಲಿ ಸಾವಿರ ಜನ ಕೂತಿರುತ್ತಾರೆ.

ಈ ಏಪ್ರಿಲ್‌ನಲ್ಲಿ ನನ್ನ ಅಣ್ಣನ ಮಗ ಜಗತ್ ಸರ್ಕಲ್ ಹತ್ತಿರ ಸಿಕ್ಕಿದ್ದ. ಸಾಲ ವಸೂಲಿ ಕೆಲಸ. ಸೇಡಂ, ಚಿಂಚೋಳಿ ಕಡೆ ಬೈಕ್‌ನಲ್ಲಿ ಸುತ್ತಿ ಸುತ್ತಿ ಮುಖ ಸುಟ್ಟ ಬದನೆಕಾಯಿ ಆಗಿತ್ತು. "ಕಾಕಾ, ನಾಳೇನೇ ಬಿಡ್ತೀನಿ" ಅಂದ. ಎಷ್ಟು ವರ್ಷ ಆಯಿತು ಅಂತ ಕೇಳಿದೆ. 4 ವರ್ಷ 5 ತಿಂಗಳು. ಇದೊಂದು ಹೇಳಲೇಬೇಕು, ಯಾಕೆಂದರೆ ಎಷ್ಟೋ ಹುಡುಗರಿಗೆ ಗೊತ್ತೇ ಇರಲ್ಲ. ಹತ್ತು ಜನ ಅಥವಾ ಜಾಸ್ತಿ ಇರುವ ಕಡೆ ಕಾಯಂ ಕೆಲಸದಲ್ಲಿ 5 ವರ್ಷ ತುಂಬಿಸಿ ಬಿಟ್ಟರೆ ಗ್ರಾಚ್ಯುಟಿ, ಅಂದರೆ ಬಿಡುವಾಗ ಮಾಲೀಕರು ಕೊಡಬೇಕಾದ ಇಡಿಗಂಟು, ಸಿಗುತ್ತೆ. ಕೊನೆಯ ತಿಂಗಳ ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ) ಸೇರಿಸಿ 15ರಿಂದ ಗುಣಿಸಿ, 26ರಿಂದ ಭಾಗಿಸಿ, ಆಮೇಲೆ ವರ್ಷಗಳಿಂದ ಗುಣಿಸಿ. ಅವನ ಬೇಸಿಕ್ 14,000, ಡಿಎ ಇಲ್ಲ. 5 ವರ್ಷಕ್ಕೆ ಸುಮಾರು 40,000 ಆಗುತ್ತೆ. ಏಳು ತಿಂಗಳಿಗೆ ಮುಂಚೆ ಅದನ್ನು ಯಾಕೆ ಬಿಟ್ಟು ಬರಬೇಕು? ಪಿಎಫ್ ಕೂಡ 5 ವರ್ಷಕ್ಕೆ ಮೊದಲೇ ತೆಗೆದರೆ ತೆರಿಗೆ ಬೀಳಬಹುದು, ಹೊಸ ಕಡೆಗೆ ವರ್ಗಾಯಿಸಿಕೊಂಡರೆ ಸರ್ವೀಸು ಮುಂದುವರಿಯುತ್ತೆ, ಪಿಂಚಣಿಗೆ ಬೇಕಾದ 10 ವರ್ಷಕ್ಕೆ ಅದೂ ಲೆಕ್ಕ.

"ಪಂಚಮಿ ಆದ ಮ್ಯಾಲೆ ಫೋನ್ ಮಾಡು, ಆಗ್ಲೂ ಹಿಂಗೇ ಅನಸ್ತದೇನು ನೋಡಮು" ಅಂದು ಕಳಿಸಿದೆ.

ಮೊನ್ನೆ ಮಾಡಿದ್ದ. ಬಾಯಲ್ಲಿ ಉಂಡಿ ಇತ್ತು ಅಂತ ಕಾಣುತ್ತೆ, ಮಾತು ಸರಿಯಾಗಿ ಕೇಳಲಿಲ್ಲ. ಮಳೆ ಹೇಗಿದೆ, ಹೆಸರು ಬೆಳೆ ಹೇಗಿದೆ ಅಂತೆಲ್ಲ ಸುತ್ತಿ ಬಳಸಿ, ಕೊನೆಗೆ "ಕಾಕಾ, 26ರಿಂದ ಭಾಗ್ಸೋದಾ, 30ರಿಂದಾ?" ಅಂತ ಕೇಳಿದ.