ಟೆನ್ಶನ್ ಕಡಿಮೆ ಆಗೋಕೆ ಏನು ತಿನ್ನಬೇಕು?

ನಾನು ಆಹಾರ ತಜ್ಞೆ ಅಂತ ಗೊತ್ತಾದ ಕೂಡಲೇ ಬರುವ ಪ್ರಶ್ನೆ ಇದು. ಮದುವೆ ಮನೆಯ ಪಂಕ್ತಿಯಲ್ಲೂ ಪಕ್ಕದ ಎಲೆಯವರು ಕೇಳುತ್ತಾರೆ. ಬಾದಾಮಿಯೋ, ಅಶ್ವಗಂಧವೋ, ಏನಾದರೊಂದು ಹೆಸರು ಹೇಳಲಿ ಅಂತ ಕಾಯುತ್ತಾರೆ. ನಾನು ತಿರುಗಿ ಒಂದೇ ಕೇಳುತ್ತೇನೆ: "ಬೆಳಿಗ್ಗೆ ಎಷ್ಟು ಗಂಟೆಗೆ ತಿಂಡಿ ತಿಂದ್ರಿ?"

ತುಂಬಾ ಜನ ತಿಂದೇ ಇರುವುದಿಲ್ಲ. ಆರೂವರೆಗೆ ಒಂದು ಲೋಟ ಕಾಫಿ, ಆಮೇಲೆ ಬಸ್ಸು, ಆಫೀಸಿನಲ್ಲಿ ಇನ್ನೊಂದು ಕಾಫಿ. ಹನ್ನೊಂದರ ಹೊತ್ತಿಗೆ ಕೈ ಸಣ್ಣಗೆ ನಡುಗುತ್ತದೆ, ಎದೆ ಡವಡವ, ಯಾರು ಮಾತಾಡಿಸಿದರೂ ಸಿಡಿಮಿಡಿ. ಕೆಲಸದ ಟೆನ್ಶನ್ ಅಂದುಕೊಳ್ಳುತ್ತಾರೆ. ಅದೂ ಇರಬಹುದು. ಆದರೆ ರಕ್ತದಲ್ಲಿ ಸಕ್ಕರೆ ಜಾಸ್ತಿ ಇಳಿದರೆ ಅದನ್ನು ಮೇಲೆತ್ತಲು ದೇಹ ಅಡ್ರಿನಲಿನ್, ಕಾರ್ಟಿಸಾಲ್ ಅನ್ನುವ ಹಾರ್ಮೋನುಗಳನ್ನು ಬಿಡುತ್ತದೆ. ಹೆದರಿದಾಗ ಬರುವುದೂ ಇವೇ. ಬರಿಹೊಟ್ಟೆಯ ಕಾಫಿ ಆ ನಡುಕವನ್ನು ಇನ್ನಷ್ಟು ಏರಿಸುತ್ತದೆ. ಹಸಿವು ಎಷ್ಟು, ಆತಂಕ ಎಷ್ಟು ಅಂತ ಆಗ ಬಿಡಿಸಿ ನೋಡುವುದು ಕಷ್ಟ.

ಮಗಳು ಚಿಕ್ಕವಳಿದ್ದಾಗ ನಾನೂ ಹೀಗೇ ಓಡುತ್ತಿದ್ದೆ. ಅಮ್ಮ ಊರಿಂದ ಬಂದು ಒಂದು ವಾರ ಇದ್ದರು. ದಿನಾ ಏಳು ಗಂಟೆಗೆ ತಟ್ಟೆ ಮುಂದಿಟ್ಟು "ತಿಂದ್ಕೊಂಡು ಹೋಗೇ" ಅನ್ನೋರು. ಅಕ್ಕಿ ರೊಟ್ಟಿ, ಹೆಸರುಕಾಳು ಉಸಲಿ, ಒಂದು ದಿನ ಮೊಸರವಲಕ್ಕಿ. ಆ ವಾರ ನಾನು ಮಗಳ ಮೇಲೆ ರೇಗಲಿಲ್ಲ. ಅದು ನನಗೆ ಗೊತ್ತಾಗಿದ್ದು ಅಮ್ಮ ಊರಿಗೆ ಹೋದ ಮೇಲೆ, ಮತ್ತೆ ರೇಗಿದ ದಿನ.

ಹಾಗಾಗಿ ನನ್ನ ಉತ್ತರ: ಮನೆಯ ತಿಂಡಿಯನ್ನೇ ಹೊತ್ತಿಗೆ ಸರಿಯಾಗಿ ತಿನ್ನಿ. ಬರೀ ಉಪ್ಪಿಟ್ಟು, ಬರೀ ಚಿತ್ರಾನ್ನ ಆದರೆ ಬೇಗ ಹಸಿವಾಗುತ್ತದೆ. ಜೊತೆಗೆ ಮೊಳಕೆ ಕಾಳು, ಮೊಟ್ಟೆ ಅಥವಾ ಗಟ್ಟಿ ಮೊಸರು ಇರಲಿ. ತಿಂದ ಮೇಲೆ ಒಂದು ಗಂಟೆ ಬಿಟ್ಟು ಕಾಫಿ ಕುಡಿಯಿರಿ. ಊಟದ ಜೊತೆಗೇ ಕುಡಿದರೆ ಸೊಪ್ಪು, ಕಾಳಿನಲ್ಲಿರುವ ಕಬ್ಬಿಣ ದೇಹಕ್ಕೆ ಸರಿಯಾಗಿ ಸೇರುವುದಿಲ್ಲ. ಕಬ್ಬಿಣ ಕಡಿಮೆಯಾದರೆ ಸುಸ್ತು, ಎದೆಬಡಿತ ಎರಡೂ ಬರುತ್ತವೆ. ನಮ್ಮ ಹೆಣ್ಣುಮಕ್ಕಳಲ್ಲಿ ಇದನ್ನು ಎಷ್ಟೋ ಸಲ ಸುಮ್ನೆ "ಟೆನ್ಶನ್" ಅಂತ ಬಿಟ್ಟುಬಿಡುತ್ತಾರೆ. ಅದು ನನಗೆ ತುಂಬಾ ನೋವಿನ ವಿಷಯ. ಸೊಪ್ಪಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿದರೆ ಕಬ್ಬಿಣ ಚೆನ್ನಾಗಿ ಸೇರುತ್ತದೆ.

ಸಂಜೆಯ ಕಾಫಿ ಬಗ್ಗೆಯೂ ಒಂದು ಮಾತು. ಕುಡಿದ ಕೆಫೀನ್‌ನಲ್ಲಿ ಅರ್ಧ ಕರಗಲು ಸುಮಾರು 5 ಗಂಟೆ ಬೇಕು. ಐದಕ್ಕೆ ಕುಡಿದರೆ ರಾತ್ರಿ ಹತ್ತಕ್ಕೂ ಅರ್ಧ ಒಳಗೇ ಇರುತ್ತದೆ. ನಿದ್ದೆ ಕೆಟ್ಟರೆ ಮರುದಿನ ಸಿಹಿ, ಕರಿದ ತಿಂಡಿ ಕಡೆಗೇ ಮನಸ್ಸು ಎಳೆಯುತ್ತದೆ, ಅಲ್ವಾ? ಸಂಜೆ ಕಾಫಿಯ ಬದಲು ಒಂದು ಬಾಳೆಹಣ್ಣು, ಒಂದು ಹಿಡಿ ಹುರಿದ ಕಡಲೆಕಾಯಿ ಬೀಜ ಸಾಕು.

ಸಾಲದ ಚಿಂತೆ, ಮನೆಯ ಜಗಳ ಊಟದಿಂದ ಹೋಗುವುದಿಲ್ಲ. ಎರಡು ವಾರದಿಂದ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ ಅಂದರೆ ನನ್ನಂಥವರ ಹತ್ತಿರ ಬರುವ ಮೊದಲು ವೈದ್ಯರನ್ನು ನೋಡಿ. ಮಾತಾಡಲು ಯಾರಾದರೂ ಬೇಕು ಅನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ. ನಂಬರ್ 14416, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.