ಟೆಂಪರೇಚರ್ ಏರದಿದ್ದಾಗಲೇ ಹೆದರಬೇಕಿತ್ತು

ಬೀದರ್‌ನ ಡಿಸೆಂಬರ್ ಥಂಡಿ ಗೊತ್ತಿದ್ದವರಿಗೇ ಗೊತ್ತು. ಅಂಥ ಒಂದು ರಾತ್ರಿ ಪಾಳಿಯ ಕಥೆ ಇದು. ಆಗ ನಾನು ಇಲ್ಲಿನ ಒಂದು ಬಲ್ಕ್ ಡ್ರಗ್ (ಔಷಧಿಯ ಮೂಲ ಪದಾರ್ಥ ತಯಾರಿಸುವ) ಕಂಪನಿಯಲ್ಲಿ ಶಿಫ್ಟ್ ಕೆಮಿಸ್ಟ್, ಸೇರಿ ಎರಡು ವರ್ಷ ಆಗಿತ್ತು. ಎಂ.ಎಸ್ಸಿ. ಓದಿದವನು ಅನ್ನೋ ಜಂಬ ಬೇರೆ.

ರಿಯಾಕ್ಷನ್ ನಡೆಸುವ ದೊಡ್ಡ ಪಾತ್ರೆ, ಅಂದರೆ ರಿಯಾಕ್ಟರ್‌ನಲ್ಲಿ ಎಂಡಿಸಿ (ಮೀಥೈಲೀನ್ ಡೈಕ್ಲೋರೈಡ್) ಅನ್ನೋ ಸಾಲ್ವೆಂಟ್, ಅಂದರೆ ಕರಗಿಸುವ ದ್ರವ, ಅದರಲ್ಲಿ ಒಂದು ಕಚ್ಚಾವಸ್ತು. ಮೇಲಿನ ಟ್ಯಾಂಕಿನಿಂದ ಇನ್ನೊಂದನ್ನು ಸಣ್ಣಗೆ ಬಿಡುತ್ತಾ ಹೋಗಬೇಕು. ಬ್ಯಾಚ್ ಶೀಟಿನಲ್ಲಿ 10ರಿಂದ 15 ಡಿಗ್ರಿ ಅಂತಿತ್ತು. ರಿಯಾಕ್ಟರ್ ಸುತ್ತಲಿನ ಹೊರಕವಚ, ಅಂದರೆ ಜಾಕೆಟ್‌ನಲ್ಲಿ ಮೈನಸ್ 10ರ ಬ್ರೈನ್ (ತಂಪು ಮಾಡುವ ಉಪ್ಪುನೀರು), ಅದರ ವಾಲ್ವ್ ಪೂರ್ತಿ ತೆರೆದಿತ್ತು. ಒಳಗೆ 5 ಡಿಗ್ರಿಗೆ ಇಳಿದಿತ್ತು.

ಆಪರೇಟರ್ ನನಗಿಂತ ಹದಿನೈದು ವರ್ಷ ದೊಡ್ಡವರು. "ಸಾಹೇಬ್ರ, ಟೆಂಪರೇಚರ್ ಏರ್ವಲ್ದು, ಹಂಗೇ ಬಿಡ್ಲೇನ್ರೀ?" ಅಂದರು.

"ತಣ್ಣಗಿದ್ರೆ ಒಳ್ಳೇದೇ ಅಲ್ವಾ, ಬಿಡ್ರಿ" ಅಂದೆ.

ಎರಡು ಗಂಟೆ ಲಾಗ್ ಶೀಟಿನಲ್ಲಿ 5, 5, 6, 5. ಇಷ್ಟು ಶಾಂತವಾದ ಬ್ಯಾಚ್ ನೋಡೇ ಇಲ್ಲ ಅಂದುಕೊಂಡು ಚಹಾ ಕುಡಿದು ಬಂದೆ. ಅದು ಶಾಖ ಬಿಡುವ ರಿಯಾಕ್ಷನ್. ಬೇರೆ ಬ್ಯಾಚ್‌ಗಳಲ್ಲಿ ಬಿಡಲು ಶುರು ಮಾಡಿದ ಸ್ವಲ್ಪ ಹೊತ್ತಿಗೇ ಎರಡು ಮೂರು ಡಿಗ್ರಿ ಏರುತ್ತಿತ್ತು. ಈ ಸಲ ಏರುತ್ತಿಲ್ಲ ಅಂದರೆ ರಿಯಾಕ್ಷನ್ ನಡೀತಾನೇ ಇಲ್ಲ, ಬಿಟ್ಟದ್ದೆಲ್ಲ ಖರ್ಚಾಗದೆ ಒಳಗೆ ಜಮಾ ಆಗ್ತಿದೆ ಅಂತ. ಅಷ್ಟು ನನ್ನ ತಲೆಗೆ ಹೊಳೆಯಲಿಲ್ಲ.

ಕೊನೆಗೆ ಶೀಟಿನ ಲೆಕ್ಕಕ್ಕೆ ತರೋಣ ಅಂತ ಬ್ರೈನ್ ಬಂದ್ ಮಾಡಿಸಿದೆ. 7, 9, 12. ಖುಷಿಯಾಯಿತು. ಆಮೇಲೆ 16. ಬ್ರೈನ್ ತೆರೆಯಿರಿ ಅಂತ ಕೂಗುವಷ್ಟರಲ್ಲಿ 22. ತೆರೆದ ಮೇಲೂ 30, 36. ಎಂಡಿಸಿ ಕುದಿಯೋದು 40ರ ಹತ್ತಿರ. ಆವಿಯನ್ನು ತಣ್ಣಗೆ ಮಾಡಿ ಮತ್ತೆ ದ್ರವ ಮಾಡುವ ಕಂಡೆನ್ಸರ್ ಕೆಳಗಿನ ಸೈಟ್ ಗ್ಲಾಸಿನಲ್ಲಿ (ಒಳಗೆ ನೋಡುವ ಗಾಜು) ಮೊದಲು ಒಂದೊಂದೇ ಹನಿ, ನೋಡನೋಡುತ್ತಲೇ ನಲ್ಲಿ ತಿರುವಿದ ಹಾಗೆ ಧಾರೆ. ಎಲ್ಲರನ್ನೂ ಕೆಳಗಿಳಿಸಿದೆವು. ಕುದಿಯುವ ಸಾಲ್ವೆಂಟೇ ಶಾಖವನ್ನು ಹೊತ್ತೊಯ್ದು ಕಂಡೆನ್ಸರ್‌ಗೆ ಕೊಟ್ಟಿದ್ದರಿಂದ ಅಲ್ಲಿಗೇ ನಿಂತಿತು. ಎಂಡಿಸಿ ಬದಲು ಟಾಲ್ವೀನ್ ಅನ್ನೋ ಸಾಲ್ವೆಂಟ್ ಇದ್ದಿದ್ದರೆ, ಅದು ಕುದಿಯೋದು 110ಕ್ಕೆ... ಬೇಡ ಬಿಡಿ. ಯಾರಿಗೂ ಏನೂ ಆಗಲಿಲ್ಲ, ಬ್ಯಾಚ್ ಮಾತ್ರ ಫೇಲ್.

ಬೆಳಿಗ್ಗೆ ಕೂತು ಲೆಕ್ಕ ಹಾಕಿದೆ. 10 ಡಿಗ್ರಿ ಏರಿದರೆ ಎಷ್ಟೋ ರಿಯಾಕ್ಷನ್‌ಗಳ ವೇಗ ಸುಮಾರು ಎರಡು ಪಟ್ಟಾಗುತ್ತದೆ (ಅಂದಾಜು ಅಷ್ಟೇ, ಎಲ್ಲದಕ್ಕೂ ಒಂದೇ ಅಲ್ಲ). 5ರಿಂದ 35ಕ್ಕೆ ಹೋದರೆ ಎರಡೆರಡು ನಾಲ್ಕು, ನಾಲ್ಕೆರಡು ಎಂಟು. ಜಾಕೆಟ್ ಶಾಖ ಎಳೆದುಕೊಳ್ಳುವುದು ಒಳಗಿನ ಮಾಲಿಗೂ ಬ್ರೈನ್‌ಗೂ ಇರುವ ಅಂತರದ ಲೆಕ್ಕದಲ್ಲಿ. ಅದು 15 ಇದ್ದದ್ದು 45 ಆಯಿತು, ಅಂದರೆ ಮೂರು ಪಟ್ಟು. ಶಾಖ ಎಂಟು ಪಟ್ಟು, ತಂಪು ಮೂರು ಪಟ್ಟು. ಎಲ್ಲಿ ಸಾಲುತ್ತೆ?

ಓದುವಾಗ ನಾನು ಇನ್ನೊಂದು ತಪ್ಪು ತಿಳಿದಿದ್ದೆ, ಬಿಸಿಯಾದರೆ ಅಣುಗಳು ಜಾಸ್ತಿ ಡಿಕ್ಕಿ ಹೊಡೆಯುತ್ತವೆ, ಅದಕ್ಕೇ ವೇಗ ಹೆಚ್ಚುತ್ತೆ ಅಂತ. 25ರಿಂದ 35ಕ್ಕೆ ಏರಿದರೆ ಡಿಕ್ಕಿ ಹೆಚ್ಚೋದು ಶೇ. 2ರಷ್ಟೂ ಇಲ್ಲ! ಅಣುಗಳನ್ನು ಓಣಿ ಹುಡುಗರು ಅಂದುಕೊಳ್ಳಿ. ಎಲ್ಲರೂ ನಾಲಾ ತನಕ ಓಡಿ ಬರುತ್ತಾರೆ, ಹಾರಿ ದಾಟುವವರು ನಾಲ್ಕೇ ಜನ. ಬಿಸಿ ಹೆಚ್ಚಾದರೆ ಹಾರುವ ತಾಕತ್ತಿದ್ದವರು ನಾಲ್ಕಿದ್ದದ್ದು ಎಂಟಾಗುತ್ತಾರೆ. ಆ ನಾಲಾದ ಅಗಲವೇ ಆಕ್ಟಿವೇಶನ್ ಎನರ್ಜಿ, ಅಂದರೆ ರಿಯಾಕ್ಷನ್ ಆಗಲು ಬೇಕಾದ ಕನಿಷ್ಠ ಶಕ್ತಿ. ಸ್ವೀಡನ್ನಿನ ವಿಜ್ಞಾನಿ ಅರ್ಹೇನಿಯಸ್ 1889ರಲ್ಲೇ ಇದನ್ನು ವಿವರಿಸಿದ್ದ, ನಾನು ಪರೀಕ್ಷೆಯಲ್ಲಿ ಬರೆದು ಮಾರ್ಕ್ಸೂ ತಗೊಂಡಿದ್ದೆ.

ಈಗ ನನ್ನ ಶಿಫ್ಟಿನಲ್ಲಿ ಮೊದಲು ಸ್ವಲ್ಪವೇ ಬಿಟ್ಟು ನಿಲ್ಲಿಸುತ್ತೇವೆ. ಮೀಟರ್ ಏರಿದ್ದು ಕಂಡರೆ ಮಾತ್ರ ಮುಂದೆ. ಕೆಳಗಿನ 10 ಕೂಡ ಮೇಲಿನ 15ರಷ್ಟೇ ಗಟ್ಟಿ, ಅದಕ್ಕಿಂತ ಇಳಿದರೂ ಮೇಲಿನ ಟ್ಯಾಂಕಿನ ವಾಲ್ವ್ ಬಂದ್. ಏರದಿದ್ದರೆ ಸ್ಯಾಂಪಲ್ ತೆಗೆದು ಕ್ಯೂಸಿಗೆ (ಗುಣಮಟ್ಟ ಪರೀಕ್ಷಿಸುವ ಲ್ಯಾಬಿಗೆ) ಕಳಿಸೋದು, ಒಳಗೆ ಎಷ್ಟು ಉಳಿದಿದೆ ಗೊತ್ತಾಗುವ ತನಕ ಸುಮ್ನೆ ಬಿಸಿ ಮಾಡೋಕೆ ಹೋಗಬಾರದು.

ಹೋದ ಡಿಸೆಂಬರ್‌ನಲ್ಲಿ ರಾತ್ರಿ 2 ಗಂಟೆಗೆ ಹೊಸ ಹುಡುಗನ ಫೋನ್ ಬಂತು. "ಸರ್, ಏರ್ವಲ್ದ್ರೀ. ವಾಲ್ವ್ ಬಂದ್ ಮಾಡೀನಿ." ಸ್ವೆಟರ್ ಹಾಕಿಕೊಂಡು ಗಾಡಿ ತೆಗೆದೆ.