ಬುರ್ಸಾದಲ್ಲಿ ಅಪ್ಪ ಗೂಡು ಹುಡುಕಿದ್ದು

ಟರ್ಕಿಗೆ ಹೋಗುವ ನಮ್ಮವರ ಪಟ್ಟಿ ಹೆಚ್ಚುಕಮ್ಮಿ ಒಂದೇ. ಇಸ್ತಾಂಬುಲ್, ಕಪಡೋಕಿಯಾದ ಬಲೂನು, ಪಾಮುಕ್ಕಲೆಯ ಬಿಳಿ ಬಂಡೆ, ಅಲ್ಲಿಗೆ ಮುಗೀತು. ನಾನು ಅದರಲ್ಲಿ ಬುರ್ಸಾ ತುರುಕಿದ್ದು ಅಪ್ಪನಿಗೋಸ್ಕರ. ಅವರು ಶಿಡ್ಲಘಟ್ಟದ ಪಕ್ಕದ ಹಳ್ಳಿಯಲ್ಲಿ ಜೀವನಪೂರ್ತಿ ರೇಷ್ಮೆ ಹುಳು ಸಾಕಿದವರು. ಬುರ್ಸಾ ಶತಮಾನಗಟ್ಟಲೆ ರೇಷ್ಮೆ ವ್ಯಾಪಾರದ ಮೇಲೆ ಬದುಕಿದ ಊರು. ಅಲ್ಲಿ ಕೋಜಾ ಹಾನ್ ಅಂತ ಒಂದು ಹಳೇ ಗೂಡಿನ ಮಂಡಿ ಇದೆ ಅಂದೆ. ಅಷ್ಟೇ ಸಾಕಾಯಿತು. ಆಮೇಲೆ ಇಸ್ತಾಂಬುಲ್‌ನಲ್ಲಿ ಏನು ತೋರಿಸಿದರೂ "ಗೂಡಿನ ಊರು ಯಾವಾಗಮ್ಮ?" ಅಂತಲೇ ಕೇಳುತ್ತಿದ್ದರು.

ಇಸ್ತಾಂಬುಲ್‌ನ ಎಮಿನೋನುವಿನಿಂದ ಮುದಾನ್ಯಾಕ್ಕೆ ಹಡಗಿದೆ. ಮರ್ಮರಾ ಸಮುದ್ರ ದಾಟಲು ಎರಡು ಗಂಟೆ ಹತ್ತಿರ ಬೇಕು. ಮುದಾನ್ಯಾದಲ್ಲಿ 1922ರ ಕದನವಿರಾಮಕ್ಕೆ ಸಹಿ ಬಿದ್ದ ಬಿಳಿ ಮನೆ ಇದೆ, ಈಗ ಮ್ಯೂಸಿಯಂ. ಅಲ್ಲಿಂದ ಬುರ್ಸಾಕ್ಕೆ ಬಸ್ಸು. ಊರು ಹತ್ತಿರ ಬಂದಂತೆ ಬರೀ ಅಪಾರ್ಟ್‌ಮೆಂಟು, ಫ್ಯಾಕ್ಟರಿ. ರೆನೋ, ಫಿಯಟ್ ಕಾರುಗಳು ತಯಾರಾಗುವ ಕೈಗಾರಿಕಾ ಊರಿದು. ಹಳೇ ಊರು ಎಲ್ಲೋ ಒಳಗೆ, ಉಲುದಾಗ್ ಬೆಟ್ಟದ ಬುಡಕ್ಕೆ ಅಂಟಿಕೊಂಡಿದೆ. 1326ರಲ್ಲಿ ಒರ್ಹಾನ್ ಇದನ್ನು ಗೆದ್ದು ಒಟ್ಟೋಮನ್ನರ ರಾಜಧಾನಿ ಮಾಡಿಕೊಂಡ. ಅವನ ಮತ್ತು ಅವನಪ್ಪ ಒಸ್ಮಾನನ ಗೋರಿಗಳು ಮೇಲಿನ ತೋಪ್‌ಹಾನೆ ದಿಣ್ಣೆಯಲ್ಲಿವೆ. 1855ರ ಭೂಕಂಪದಲ್ಲಿ ಬಿದ್ದು, ಆಮೇಲೆ ಹೊಸದಾಗಿ ಕಟ್ಟಿದ ಗೋರಿಗಳು. ನನಗೆ ಗೋರಿಗಿಂತ ಅಲ್ಲಿಂದ ಕಾಣುವ ಕೆಂಪು ಹೆಂಚಿನ ಊರೇ ಚೆನ್ನಾಗಿತ್ತು.

ಸರಿ, ಕೋಜಾ ಹಾನ್. 1491ರಲ್ಲಿ ಒಟ್ಟೋಮನ್ ಸುಲ್ತಾನ ಎರಡನೇ ಬಯಾಜಿದ್ ಕಟ್ಟಿಸಿದ್ದು. ವ್ಯಾಪಾರಿಗಳು ಉಳಿಯುವ ಛತ್ರವೂ ಹೌದು, ಮಂಡಿಯೂ ಹೌದು. ಎರಡು ಅಂತಸ್ತು, ಸುತ್ತ ಕಮಾನಿನ ಪಡಸಾಲೆ, ಅದರ ಹಿಂದೆ ಸಾಲು ಕೋಣೆಗಳು. ನಡುವಿನ ಅಂಗಳದಲ್ಲಿ ಕಂಬಗಳ ಮೇಲೆ ಎತ್ತಿ ಕೂರಿಸಿದ ಪುಟ್ಟ ಮಸೀದಿ, ಅದರ ಕೆಳಗೆ ನೀರಿನ ಕಾರಂಜಿ. ಮರದ ನೆರಳಿಗೆ ಮೇಜು ಕುರ್ಚಿ ಹಾಕಿದ್ದಾರೆ. ಜನ ಸೊಂಟ ಸಣ್ಣಗಿನ ಗಾಜಿನ ಲೋಟದಲ್ಲಿ ಚಹಾ ಕುಡಿಯುತ್ತಾ ಕೂತಿರುತ್ತಾರೆ. 2008ರಲ್ಲಿ ಎಲಿಜಬೆತ್ ರಾಣಿಯೂ ಇಲ್ಲಿಗೆ ಬಂದಿದ್ದರು.

ಅಪ್ಪ ಅಂಗಳಕ್ಕೆ ಒಂದು ಸುತ್ತು ಹಾಕಿದರು. ಮಹಡಿ ಹತ್ತಿ ಇನ್ನೊಂದು ಸುತ್ತು. ಕೆಳಗೆ ಬಂದು, "ವಾಸನೇನೇ ಇಲ್ವಲ್ಲಮ್ಮ" ಅಂದರು.

ಗೂಡಿನ ಮಾರ್ಕೆಟ್ಟಿಗೆ ಹೋದವರಿಗೆ ಇದು ಗೊತ್ತಾಗುತ್ತದೆ. ಶಿಡ್ಲಘಟ್ಟದಲ್ಲಾಗಲಿ ರಾಮನಗರದಲ್ಲಾಗಲಿ, ಮೊದಲು ಎದುರಾಗುವುದು ಹಸಿ ಗೂಡಿನ ಆ ವಾಸನೆ. ಆಮೇಲೆ ಲಾಟುಗಳ ಸಾಲು, ಮುಷ್ಟಿಯಲ್ಲಿ ಗೂಡು ಹಿಡಿದು ಅಲ್ಲಾಡಿಸಿ ನೋಡುವ ರೀಲರುಗಳು (ಗೂಡಿನಿಂದ ನೂಲು ತೆಗೆಯುವವರು), ಹರಾಜು. ಇಲ್ಲಿ ಅದೇನೂ ಇಲ್ಲ. ಒಂದು ಕಾಲಕ್ಕೆ ಸುತ್ತಲಿನ ಹಳ್ಳಿಗಳ ರೈತರು ಗೂಡಿನ ಚೀಲ ಹೊತ್ತು ಇದೇ ಅಂಗಳಕ್ಕೆ ಬರುತ್ತಿದ್ದರು. ಈಗ ಕೋಣೆ ಕೋಣೆಯಲ್ಲೂ ಸ್ಕಾರ್ಫಿನ ಅಂಗಡಿ.

ಒಂದು ಅಂಗಡಿಯಲ್ಲಿ ನೀಲಿ ಸ್ಕಾರ್ಫು ಇಷ್ಟವಾಯಿತು. ಅಂಗಡಿಯವನು "ನೂರಕ್ಕೆ ನೂರು ರೇಷ್ಮೆ" ಅಂದ. ಅಪ್ಪ ಬೆರಳ ತುದಿಯಲ್ಲಿ ಉಜ್ಜಿ ನೋಡಿದರು. ಮಾತಾಡಲಿಲ್ಲ. ಅಂಚಿನಿಂದ ಒಂದೆಳೆ ಕಿತ್ತು, ಬೆಂಕಿಕಡ್ಡಿ ಗೀರುವ ಹಾಗೆ ಕೈಸನ್ನೆ ಮಾಡಿದರು. ಅವನು ನಕ್ಕು ತಾನೇ ಲೈಟರ್ ಹಚ್ಚಿದ. ಎಳೆ ಕರಗಿ, ಗಟ್ಟಿಯಾಗಿ, ಕಪ್ಪು ಮಣಿ ಆಯಿತು. ಅಪ್ಪಟ ರೇಷ್ಮೆ ಕರಗುವುದಿಲ್ಲ. ಕೂದಲು ಸುಟ್ಟ ವಾಸನೆ ಬರುತ್ತದೆ, ಬೆರಳಲ್ಲಿ ಹೊಸಕಿದರೆ ಬೂದಿ. ಅಂಗಡಿಯವನಿಗೆ ಒಂದಿಷ್ಟೂ ಬೇಸರವಾಗಲಿಲ್ಲ! ಹಿಂದಿನ ಕಪಾಟಿನಿಂದ ಬೇರೆ ಕಟ್ಟು ಇಳಿಸಿದ. ಅದರ ಎಳೆ ಸುಟ್ಟಾಗ ವಾಸನೆ ಬಂತು. ಬೆಲೆಯೂ ಅದಕ್ಕೆ ತಕ್ಕ ಹಾಗೇ ಇತ್ತು. ಇದೇ ಬುರ್ಸಾಕ್ಕೆ ಅಂತ 1502ರಲ್ಲಿ ಅದೇ ಬಯಾಜಿದ್ ಒಂದು ಕಾನೂನು ತಂದಿದ್ದ. ಮಾರುವ ಸರಕಿನ ಗುಣಮಟ್ಟ ಹೇಗಿರಬೇಕು, ಬೆಲೆ ಎಷ್ಟಿರಬೇಕು ಅಂತ ಬರೆದಿಟ್ಟ ಕಾನೂನು. ಬಟ್ಟೆಯೂ ಅದರಲ್ಲಿ ಸೇರಿತ್ತು. ಕಾಗದದ ಮೇಲೆ ಕಾನೂನು ಬೇಕಾಯಿತು ಅಂದರೆ ಆಗಲೂ ಮಾಲಿನಲ್ಲಿ ಮೋಸ ಇತ್ತು ಅಂತಲೇ ಅಲ್ವಾ?

ಬುರ್ಸಾದ ರೇಷ್ಮೆ ಮೊದಲು ಇಲ್ಲಿಯದ್ದಾಗಿರಲಿಲ್ಲ. ಕಚ್ಚಾ ರೇಷ್ಮೆ ಇರಾನಿನಿಂದ ಒಂಟೆ ಸಾಲಿನಲ್ಲಿ ಬರುತ್ತಿತ್ತು. ಇಲ್ಲಿ ತೂಕವಾಗಿ, ಸುಂಕ ಕಟ್ಟಿ, ಒಂದಷ್ಟು ಇಲ್ಲಿನ ಮಗ್ಗಗಳಿಗೆ, ಉಳಿದದ್ದು ಇಟಲಿಯ ವ್ಯಾಪಾರಿಗಳ ಕೈಗೆ ಹೋಗುತ್ತಿತ್ತು. ಸುಲ್ತಾನ ಮೊದಲನೇ ಸೆಲೀಮ್ ಇರಾನಿನ ಜೊತೆ ಯುದ್ಧಕ್ಕೆ ನಿಂತು ಅಲ್ಲಿನ ರೇಷ್ಮೆಯನ್ನೇ ನಿಷೇಧಿಸಿದಾಗ ಊರು ತತ್ತರಿಸಿತು. ಹುಳು ಸಾಕಣೆ ಇಲ್ಲಿ ದೊಡ್ಡದಾಗಿ ಬೆಳೆದದ್ದು ಆಮೇಲೆ. 19ನೇ ಶತಮಾನದಲ್ಲಿ ಉಗಿ ಯಂತ್ರದ ಫಿಲೇಚರುಗಳೂ, ಅಂದರೆ ನೂಲು ತೆಗೆಯುವ ಕಾರ್ಖಾನೆಗಳೂ, ಬಂದವು. ಅದರ ಬೆನ್ನಲ್ಲೇ ಪೆಬ್ರಿನ್, ನಮ್ಮವರು ಗಂಟುರೋಗ ಅನ್ನುವುದು, ಬಂದು ಹುಳು ಹೊಡೆದುಹಾಕಿತು. ತಾಯಿಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗವಿಲ್ಲದ ಮೊಟ್ಟೆ ಮಾತ್ರ ಇಟ್ಟುಕೊಳ್ಳುವ ಪಾಶ್ಚರನ ವಿಧಾನ ಕಲಿಸಲು 1888ರಲ್ಲಿ ಇಲ್ಲೊಂದು ಶಾಲೆ ತೆರೆದರು. ಇದನ್ನು ಕೇಳಿ ಅಪ್ಪನಿಗೆ ಊರಿನ ಮೇಲೆ ಗೌರವ ಹುಟ್ಟಿತು. ಅರಮನೆ, ಸುಲ್ತಾನ ಎಲ್ಲ ಅವರಿಗೆ ಅಷ್ಟಕ್ಕಷ್ಟೇ.

ಮಂಡಿಯ ಪಕ್ಕದಲ್ಲೇ ಉಲು ಜಾಮಿ, ಅಂದರೆ ದೊಡ್ಡ ಮಸೀದಿ. 1390ರ ದಶಕದ ಕೊನೆಯಲ್ಲಿ ಮೊದಲನೇ ಬಯಾಜಿದ್ ಕಟ್ಟಿಸಿದ್ದು. ಯುದ್ಧ ಗೆದ್ದರೆ ಇಪ್ಪತ್ತು ಮಸೀದಿ ಕಟ್ಟಿಸುತ್ತೇನೆ ಅಂತ ಹರಕೆ ಹೊತ್ತಿದ್ದನಂತೆ, ಗೆದ್ದ ಮೇಲೆ ಇಪ್ಪತ್ತು ಗುಮ್ಮಟದ ಒಂದೇ ಮಸೀದಿ ಕಟ್ಟಿಸಿದನಂತೆ. ಹರಕೆಯಲ್ಲಿ ಚೌಕಾಸಿ ಮಾಡುವುದು ನಮ್ಮಲ್ಲಿ ಮಾತ್ರ ಅಲ್ಲ. ಒಳಗೆ ಹನ್ನೆರಡು ದಪ್ಪ ಕಂಬ, ಗೋಡೆ ತುಂಬ ದೊಡ್ಡ ದೊಡ್ಡ ಕಪ್ಪು ಅಕ್ಷರ. ವಿಶೇಷ ಅಂದರೆ ಕಾರಂಜಿ ಹೊರಗಲ್ಲ, ಮಸೀದಿಯ ಒಳಗೇ ಇದೆ. ಆ ಜಾಗದ ಒಡತಿ ಮನೆ ಬಿಟ್ಟುಕೊಡಲು ಒಪ್ಪಲಿಲ್ಲ, ಬಲವಂತವಾಗಿ ತೆಗೆದುಕೊಂಡ ನೆಲದಲ್ಲಿ ನಮಾಜು ಸಲ್ಲದು ಅಂತ ಅಲ್ಲಿ ನೀರಿನ ತೊಟ್ಟಿ ಮಾಡಿದರು ಅಂತ ಕಥೆ. ನಿಜವೋ ಸುಳ್ಳೋ, ಆ ನೀರಿನ ಸದ್ದಿಗೆ ಕೂತವರಿಗೆ ಏಳಲು ಮನಸ್ಸಾಗುವುದಿಲ್ಲ.

ಹಸಿರು ಗೋರಿ ಅಂತ ಹೆಸರಾದ ಮೊದಲನೇ ಮೆಹ್ಮೆದನ ಸಮಾಧಿ ಫೋಟೋದಲ್ಲಿ ನೋಡಿದ ಹಾಗೇ ಇದೆ. ಜನ ಜಾಸ್ತಿ. ನಾನಾದರೆ ಮುರಾದಿಯೆಗೆ ಕಳಿಸುತ್ತೇನೆ. ಸೈಪ್ರೆಸ್ ಮರಗಳ ತೋಟದಲ್ಲಿ ಹನ್ನೆರಡು ಗೋರಿ ಕಟ್ಟಡಗಳಿವೆ. ಸಿಂಹಾಸನದ ಜಗಳದಲ್ಲಿ ಸತ್ತ ರಾಜಕುಮಾರರ ಗೋರಿಗಳಿಗೆ ಹೂವಿನ ಟೈಲು, ಚಿತ್ತಾರ ಎಲ್ಲ ಇದೆ. ನಡುವಿನ ಎರಡನೇ ಮುರಾದನದ್ದು ಮಾತ್ರ ಬರೀ ಮಣ್ಣು. ಇವನ ಮಗನೇ 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ಗೆದ್ದವನು. ಮುರಾದನ ಗೋರಿಯ ಮೇಲಿನ ಗುಮ್ಮಟ ತೆರೆದೇ ಇದೆ. ಮಳೆ ತನ್ನ ಗೋರಿಯ ಮೇಲೆ ಬೀಳಬೇಕು ಅಂತ ಅವನೇ ಕೇಳಿಕೊಂಡಿದ್ದನಂತೆ.

ಉಲುದಾಗ್ 2,543 ಮೀಟರ್ ಎತ್ತರ. ಕೇಬಲ್ ಕಾರು ಹತ್ತಲು ಹೋದರೆ ಗಾಳಿ ಜಾಸ್ತಿ ಅಂತ ನಿಲ್ಲಿಸಿದ್ದರು. ಹಾಗಾಗಿ ಬೆಟ್ಟದ ದಾರಿಯಲ್ಲಿರುವ ಇಂಕಾಯಾದ ಚಿನಾರ್ ಮರದ ಕೆಳಗೆ ಚಹಾ ಕುಡಿದು ಬಂದೆವು. ಮರಕ್ಕೆ ಆರುನೂರು ವರ್ಷ ಅನ್ನುತ್ತಾರೆ. ಕೊಂಬೆಗಳು ಎಷ್ಟು ಭಾರ ಅಂದರೆ ಅವಕ್ಕೆ ಆಸರೆ ಕೊಟ್ಟು ನಿಲ್ಲಿಸಿದ್ದಾರೆ.

ಜುಮಾಲಿಕಿಜಿಕ್ ಹಳ್ಳಿ ಊರಿನಿಂದ ಸಿಟಿ ಬಸ್ಸಿನ ದೂರ. 2014ರಲ್ಲಿ ಬುರ್ಸಾ ಜೊತೆಗೇ ಯುನೆಸ್ಕೋ ಪಟ್ಟಿಗೆ ಸೇರಿತು. ಉರುಟು ಕಲ್ಲು ಹಾಸಿದ ಓಣಿಗಳು, ನಡುವೆ ನೀರು ಹರಿಯಲು ಕಾಲುವೆ. ಮನೆಗಳ ಕೆಳಭಾಗ ಕಲ್ಲು, ಮೇಲೆ ಮರದ ಚೌಕಟ್ಟಿಗೆ ಮಣ್ಣಿಟ್ಟಿಗೆ, ಅದಕ್ಕೆ ಹಳದಿ, ನೀಲಿ, ನೇರಳೆ ಸುಣ್ಣ. ಭಾನುವಾರ ಮಾತ್ರ ಹೋಗಬೇಡಿ, ಇಡೀ ಬುರ್ಸಾ ತಿಂಡಿಗೆ ಅಲ್ಲೇ ಬರುತ್ತದೆ. ತಿಂಡಿ ಅಂದರೆ ಒಂದು ತಟ್ಟೆ ಅಲ್ಲ, ಮೇಜಿನ ತುಂಬ ಚೀಸು, ಆಲಿವ್, ಜಾಮು, ಜೇನು, ತವಾ ಮೇಲೆ ಬೇಯಿಸಿದ ಗೋಜ್ಲೆಮೆ ರೊಟ್ಟಿ. ನಾವಿದ್ದ ಮನೆಯ ಹಿತ್ತಲಲ್ಲಿ ಹಿಪ್ಪುನೇರಳೆ ಇತ್ತು. ನಮ್ಮಲ್ಲಿಯ ಹಾಗೆ ಸೊಂಟದೆತ್ತರದ ಗಿಡ ಅಲ್ಲ, ಮಹಡಿ ಮೀರಿದ ಮರ. ಅಪ್ಪ ಕತ್ತೆತ್ತಿ ನೋಡಿ, "ಇದನ್ನ ಹತ್ತಿ ಸೊಪ್ಪು ಯಾರಮ್ಮ ಕುಯ್ತಾರೆ?" ಅಂದರು. ಮನೆಯಾಕೆಗೆ ಫೋನಿನ ಅನುವಾದದಲ್ಲಿ ಕೇಳಿದೆ. ತನ್ನ ಅಜ್ಜಿ ಮೇಲಿನ ಕೋಣೆಯಲ್ಲಿ ಹುಳು ಸಾಕುತ್ತಿದ್ದಳು, ವರ್ಷಕ್ಕೆ ಒಂದು ಸಲ, ವಸಂತದಲ್ಲಿ ಚಿಗುರು ಬಂದಾಗ ಅಂದಳು. ಚಳಿಗಾಲದಲ್ಲಿ ಎಲೆಯೇ ಇರುವುದಿಲ್ಲವಲ್ಲ. ಅಪ್ಪನಿಗೆ ನಂಬಲಾಗಲಿಲ್ಲ. "ಒಂದೇ ಬೆಳೆನಾ? ಮಿಕ್ಕ ತಿಂಗಳು ಏನ್ ಮಾಡ್ತಾರೆ?" ನಮ್ಮ ಮನೆಯಲ್ಲಿ ಹುಳು ಮೂರನೇ ಜ್ವರಕ್ಕೆ (ಮೂರನೇ ಸಲ ಪೊರೆ ಬಿಡುವ ಹೊತ್ತಿಗೆ) ಬಂತು ಅಂದರೆ ಮದುವೆ ಮನೆಗೂ ಹೋಗುತ್ತಿರಲಿಲ್ಲ, ಒಂದು ಬೆಳೆ ಮುಗಿದರೆ ಇನ್ನೊಂದು ಶುರು.

ಕೊನೆಗೂ ಗೂಡು ಸಿಕ್ಕಿದ್ದು ಉಮುರ್‌ಬೇಯಲ್ಲಿ. ಇಲ್ಲಿನ ಹಳೇ ಕಸುಬು ಉಳಿಸಲು ಮಾಡಿದ ರೇಷ್ಮೆ ಕೇಂದ್ರ ಅದು. ಬಿಸಿನೀರಿನ ತೊಟ್ಟಿಯಲ್ಲಿ ಬಿಳಿ ಗೂಡುಗಳು ಕುಣಿಯುತ್ತಿದ್ದವು. ಒಬ್ಬ ಹೆಂಗಸು ಪೊರಕೆಯಂಥ ಕುಂಚ ಆಡಿಸಿ ಎಳೆ ಹಿಡಿದು ರಾಟೆಗೆ ಸುತ್ತುತ್ತಿದ್ದಳು. ಬಾಗಿಲಲ್ಲೇ ಆ ವಾಸನೆ. ಅಪ್ಪನ ಮುಖ ಅರಳಿತು. ಒಂದು ಗೂಡು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರು, ಒತ್ತಿ ನೋಡಿದರು, "ಗೂಡು ಪರವಾಗಿಲ್ಲ, ನೀರು ಕಾಯ್ದಿದ್ದು ಜಾಸ್ತಿ ಆಗಿದೆ" ಅಂತ ತೀರ್ಪು ಕೊಟ್ಟರು. ಆಕೆಗೆ ಕನ್ನಡ ಬಾರದು, ಇವರಿಗೆ ಟರ್ಕಿಶ್ ಬಾರದು. ಒಂದೆಳೆಗೆ ಎಷ್ಟು ಗೂಡು ಸೇರಿಸುತ್ತೀಯ ಅಂತ ಬೆರಳಲ್ಲೇ ಕೇಳಿದರು, ಆಕೆ ಬೆರಳಲ್ಲೇ ಹೇಳಿದಳು. ಅಪ್ಪ ತಲೆ ಅಲ್ಲಾಡಿಸಿ ತಮ್ಮ ಲೆಕ್ಕ ತೋರಿಸಿದರು. ಆಕೆ ಒಪ್ಪಲಿಲ್ಲ. ಇಬ್ಬರೂ ಅವರವರ ಭಾಷೆಯಲ್ಲೇ ವಾದಕ್ಕಿಳಿದರು.

ನಾನು ಹಡಗಿನ ಟೈಮು ಆಯಿತು ಅಂತ ಹೇಳಿ ಹೇಳಿ ಸುಮ್ಮನಾದೆ. ಆಮೇಲೆ ಹೋಗಿ ಇಸ್ಕೆಂದರ್ ಕಬಾಬ್ ತಿಂದೆವು, ಈ ಊರಲ್ಲೇ ಹುಟ್ಟಿದ ತಿನಿಸು. ಪಿದೆ ರೊಟ್ಟಿ ತುಂಡಿನ ಮೇಲೆ ತೆಳು ಮಾಂಸ, ಟೊಮೆಟೊ ಸಾರು, ಪಕ್ಕದಲ್ಲಿ ಮೊಸರು, ಕಣ್ಣೆದುರೇ ಚುಂಯ್ ಅಂತ ಸುರಿಯುವ ಬಿಸಿ ಬೆಣ್ಣೆ. ರಾತ್ರಿ ಬಸ್ಸಿನಲ್ಲಿ ಒಸ್ಮಾನ್‌ಗಾಜಿ ಸೇತುವೆ ದಾಟಿ ಇಸ್ತಾಂಬುಲ್ ಸೇರಿದೆವು. ಬಸ್ಸು ಬೇಕಾದಷ್ಟಿವೆ, ತೊಂದರೆ ಇಲ್ಲ. ಹಡಗಿನಲ್ಲೇ ಬರಬೇಕು ಅಂತಿದ್ದರೆ ಗಾಳಿ ಜೋರಿದ್ದ ದಿನ ಅದನ್ನೂ ನಿಲ್ಲಿಸುತ್ತಾರೆ, ಹೊರಡುವ ಮುಂಚೆ ಒಮ್ಮೆ ನೋಡಿಕೊಳ್ಳಿ.